ಬಂಗಾಳದ ಸಿರಿ ಯಾರ ದುಡಿಮೆ?

ಓದುಗರ ಪತ್ರ: ಬಂಗಾಳ ಸುಬಾದ (ಮೊಗಲ್ ಪ್ರಾಂತದ) ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಮೊಗಲರ ಆಡಳಿತಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಕಂದಾಯದ ಹೊಣೆ ಹೊತ್ತ ಮುರ್ಷಿದ್ ಕುಲಿ ಖಾನನಂಥ ದಕ್ಷ ದಿವಾನನಿಲ್ಲದಿದ್ದರೆ ಆ ಪ್ರಾಂತಕ್ಕೆ ಅಷ್ಟು ಐಶ್ವರ್ಯ ಎಲ್ಲಿಂದ ಬರುತ್ತಿತ್ತು?

ಸಂಪಾದಕರ ಉತ್ತರ: ಮಾನ್ಯರೇ, ಇಷ್ಟು ಶ್ರದ್ಧೆಯಿಂದ ಓದಿ ಜಗಳಕ್ಕೆ ಬರುವ ಓದುಗರು ಸಿಗುವುದು ಪತ್ರಿಕೆಯ ಪುಣ್ಯ. 1576ರಲ್ಲಿ ಅಕ್ಬರನ ಸೈನ್ಯ ರಾಜಮಹಲಿನಲ್ಲಿ ಗೆದ್ದ ಮೇಲೆ, ಭುಇಯಾಂಗಳೆಂಬ ಸ್ಥಳೀಯ ಪಾಳೆಯಗಾರರ ಪ್ರತಿರೋಧ ಅಡಗುವುದಕ್ಕೆ ಇನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿದರೂ, ಆ ನಾಡಿಗೆ ಒಂದು ಬಗೆಯ ನೆಮ್ಮದಿ ಬಂದದ್ದು ನಿಜ. ಅಷ್ಟನ್ನು ಒಪ್ಪುತ್ತೇನೆ.

ಆದರೆ ದಿವಾನನು ಲೆಕ್ಕ ಬರೆದನೇ ಹೊರತು ಭತ್ತ ಬೆಳೆಯಲಿಲ್ಲ. ಗಂಗೆಯ ಮುಖ್ಯ ಹರಿವು ಪೂರ್ವಕ್ಕೆ, ಪದ್ಮೆಯ ಪಾತ್ರಕ್ಕೆ ಹೊರಳಿದಾಗ ಅಲ್ಲಿನ ಕಾಡು ಕಡಿದು ಗದ್ದೆ ಮಾಡಿದವರ ಹೆಸರು ಯಾವ ಫರ್ಮಾನಿನಲ್ಲಿದೆ? ಢಾಕಾದ ಮಲ್‌ಮಲ್ ಎಂಬ ನವಿರಾದ ಹತ್ತಿಬಟ್ಟೆಯನ್ನೇ ನೋಡಿ. ಒಣಗಾಳಿಗೆ ಎಳೆ ಪಟ್ಟನೆ ಕಡಿಯುತ್ತದೆಂದು ಅಲ್ಲಿನ ಹೆಣ್ಣುಮಕ್ಕಳು ಮುಂಜಾನೆಯ ತೇವದಲ್ಲಿ ಕೂತು, ಕಣ್ಣಿಗೆ ಕಂಡೂ ಕಾಣದಂಥ ನೂಲು ತೆಗೆಯುತ್ತಿದ್ದರು. ಅಂಥ ಬಟ್ಟೆಗೆ, ರೇಷ್ಮೆಗೆ ಬದಲು ಕೊಡಲು ಒಪ್ಪುವಂಥ ಸರಕು ತಮ್ಮಲ್ಲಿ ಹೆಚ್ಚೇನೂ ಇಲ್ಲದ್ದರಿಂದಲೇ ಡಚ್ಚರೂ ಇಂಗ್ಲಿಷರೂ ಹಡಗುಗಳಲ್ಲಿ ಬೆಳ್ಳಿ ಹೇರಿಕೊಂಡು ಬಂದರು. ಬೆಳ್ಳಿಯ ಗಣಿಯೇ ಇಲ್ಲದ ನಾಡಿನಲ್ಲಿ ರೂಪಾಯಿ ತುಂಬಿದ್ದು ಹೀಗೆ. ರೈತರು ವರ್ಷದ ಕಂದಾಯವನ್ನು ಎಂಟು ಕಂತುಗಳಲ್ಲಿ, ಚಿನ್ನದ ಮೊಹರು, ಬೆಳ್ಳಿ ರೂಪಾಯಿಗಳ ರೂಪದಲ್ಲಿ ತಾವೇ ತಂದು ಕಟ್ಟುತ್ತಿದ್ದರೆಂದು ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲನೇ ಬರೆದಿದ್ದಾನೆ.

ನೀವು ಮೆಚ್ಚುವ ಮುರ್ಷಿದ್ ಕುಲಿ ಖಾನನು 1700ರಲ್ಲಿ ದಿವಾನನಾಗಿ ಬಂದವನು. ಅಂದರೆ ಐಶ್ವರ್ಯ ಮೊದಲೇ ಅಲ್ಲಿತ್ತು, ಅದನ್ನು ಬಿಗಿಯಾಗಿ ವಸೂಲು ಮಾಡುವವನು ಆಮೇಲೆ ಬಂದ. ಬಾಕಿ ಉಳಿಸಿಕೊಂಡ ಜಮೀನ್ದಾರರನ್ನು ಸೆರೆಗೆ ತಳ್ಳುವಷ್ಟು ಬಿಗಿ. ಮುರ್ಷಿದಾಬಾದಿನ ಕಟರಾ ಮಸೀದಿಗೆ ನಾನು ಹೋಗಿದ್ದಾಗ ಮೆಟ್ಟಿಲುಗಳ ಕೆಳಗಿರುವ ಅವನ ಗೋರಿಯನ್ನು ಬಗ್ಗಿ ನೋಡಿದೆ. ಬರುವವರ ಪಾದ ತನ್ನ ಮೇಲೆ ಹಾಯಲಿ ಎಂಬುದು ಅವನ ಇಚ್ಛೆಯಾಗಿತ್ತಂತೆ. ವಿನಯ ದೊಡ್ಡದೇ. ಹಾಗೆಂದು ನೂಲು ತೆಗೆದವಳಿಗೆ ಅಂಥ ಒಂದು ಕಲ್ಲೂ ಸಿಗಲಿಲ್ಲವಲ್ಲ! ನಮ್ಮ ಪಠ್ಯಪುಸ್ತಕಗಳೂ ವಸೂಲು ಮಾಡಿದವರ ವಂಶಾವಳಿಯನ್ನು ಬಾಯಿಪಾಠ ಮಾಡಿಸುತ್ತವೆ, ಕಟ್ಟಿದವರನ್ನು 'ಪ್ರಜೆಗಳು' ಎಂಬ ಒಂದೇ ಪದದಲ್ಲಿ ಮುಗಿಸುತ್ತವೆ. ಈ ಮಾತನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುವವನೇ.

ಆ ಹಣ ಎಲ್ಲಿಗೆ ಹೋಯಿತೆಂದು ನೀವು ಕೇಳಲಿಲ್ಲ. ವರ್ಷಕ್ಕೆ ಸುಮಾರು ಒಂದು ಕೋಟಿ ರೂಪಾಯಿ ಬಂಗಾಳದಿಂದ ಹೊರಟು ದಖ್ಖನಿನಲ್ಲಿ ಬೀಡುಬಿಟ್ಟಿದ್ದ ಔರಂಗಜೇಬನ ಸೈನ್ಯವನ್ನು ಸಾಕುತ್ತಿತ್ತು. 1705ರಲ್ಲಿ ಆ ಸೈನ್ಯ ನಮ್ಮ ಸುರಪುರ ಸೀಮೆಯ ವಾಗಿನಗೇರಿ ಕೋಟೆಯನ್ನು ಮುತ್ತಿ ತಿಂಗಳುಗಟ್ಟಲೆ ಮದ್ದುಗುಂಡು ಸುರಿಯಿತು. ಕೊನೆಗೆ ಒಳಹೊಕ್ಕು ನೋಡಿದರೆ ಅಲ್ಲಿನ ದೊರೆ ಪಿಡ್ಡನಾಯಕನೂ ಅವನ ಬೇಡರೂ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದರು.