ಪ್ರತಿಕ್ರಿಯೆ: ಕನ್ನಡದಲ್ಲಿ ಚೆಸ್ ಪಾಠ ಶುರು ಮಾಡೋದು ಹೇಗೆ?

ಸಿಂಧನೂರಿನಿಂದ ಕೇಳಿದ್ದೀರಿ ಸರ್: ರೇಟಿಂಗ್ (ಆಟದ ಮಟ್ಟ ಹೇಳುವ ಅಂಕ) ಬರೀ 1500, ಕನ್ನಡದಲ್ಲಿ ಆನ್‌ಲೈನ್ ಚೆಸ್ ಹೇಳಿಕೊಟ್ಟರೆ ಯಾರಾದರೂ ನೋಡ್ತಾರಾ ಅಂತ. ಖಂಡಿತ ನೋಡ್ತಾರೆ, ಹೊಸಬರಿಗೆ ಹೇಳಿಕೊಡಲು ಅಷ್ಟು ಸಾಕು. ಗೋಥಮ್‌ಚೆಸ್ ಎಂಬ ಯೂಟ್ಯೂಬ್ ಚಾನೆಲ್‌ನ ಲೆವಿ ರೋಜ್‌ಮನ್ ಮನೆಮಾತಾದದ್ದು ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿದ್ದಾಗ, ಅದಕ್ಕಿಂತ ಮೇಲಿನ ಗ್ರ್ಯಾಂಡ್‌ಮಾಸ್ಟರ್ ಆಗಿ ಅಲ್ಲ. 2020ರ ಲಾಕ್‌ಡೌನ್ ಜನರನ್ನು ಚೆಸ್‌ಗೆ ತಂದಿತು. ಅವರನ್ನು ಹಿಡಿದಿಟ್ಟಿದ್ದು ಲೆವಿ ಸಾಮಾನ್ಯ ನೋಡುಗರ ಆಟಗಳನ್ನೇ ಎತ್ತಿಕೊಂಡು ತಪ್ಪು ತೋರಿಸಿದ ರೀತಿ.

ನೀವೂ ಹಾಗೇ ಮಾಡಿ. ಮೊದಲ ಪಾಠಕ್ಕೆ ಮಕ್ಕಳು ದಿನಾ ಸೋಲುವ ನಾಲ್ಕು ನಡೆಯ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದೆ ಆಟ ಮುಗಿಯೋದು) ಸಾಕು. ಬಿಳಿ ಕಾಲಾಳು ಇ4 ಮನೆಗೆ, ಕಪ್ಪು ಕಾಲಾಳು ಇ5ಕ್ಕೆ. ಬಿಳಿ ಮಂತ್ರಿ ಎಚ್5ಕ್ಕೆ ಬಂತು. ಗಾಬರಿಯಾಗಿ ಕಪ್ಪು ಆಗಲೇ ಕಾಲಾಳನ್ನು ಜಿ6ಕ್ಕೆ ಆಡಿದರೆ ಮಂತ್ರಿ ಇ5ರ ಕಾಲಾಳು ಹೊಡೆದು ಚೆಕ್ ಕೊಡುತ್ತೆ, ಮುಂದಿನ ನಡೆಗೆ ಮೂಲೆಯ ಆನೆ ಹೋಯ್ತು. ಅದಕ್ಕೇ ಕಪ್ಪು ಮೊದಲು ಕುದುರೆ ಸಿ6 ಆಡಲಿ, ಬಿಳಿ ಒಂಟೆ ಸಿ4ಕ್ಕೆ ಬಂದು ಎಫ್7ರಲ್ಲಿ ಮೇಟ್ ಬೆದರಿಕೆ ಹಾಕಿದ ಮೇಲೆ ಜಿ6. ಮಂತ್ರಿ ಎಫ್3ಕ್ಕೆ ಸರಿದರೆ ಇನ್ನೊಂದು ಕುದುರೆ ಎಫ್6ಕ್ಕೆ ಬಂದು ದಾರಿ ಮುಚ್ಚುತ್ತೆ. ಇಲ್ಲಿ ಕ್ರಮವೇ ಪಾಠ, ಪ್ರತಿ ನಡೆಗೂ ಐದು ಸೆಕೆಂಡ್ ಸುಮ್ಮನಿದ್ದು ನೋಡುವವರಿಗೆ ಯೋಚಿಸಲು ಬಿಡಿ.

ನಡೆಗಳನ್ನು ಜೋಡಿಸಿ ತೋರಿಸಲು ಲಿಚೆಸ್ ಚೆಸ್ ತಾಣದ ಸ್ಟಡಿ, ಪರದೆ ರೆಕಾರ್ಡ್ ಮಾಡಲು ಒಬಿಎಸ್ ತಂತ್ರಾಂಶ, ಎರಡೂ ಉಚಿತ. ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಧ್ವನಿ. ಕಾಲರ್ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಸಿಗಿಸಿ. ನಮ್ಮ ರಾಯಚೂರು ಬಿಸಿಲಿಗೆ ಫ್ಯಾನ್ ಆರಿಸೋದು ಕಷ್ಟ, ಆದರೆ ಅದರ ಗಾಳಿ ಮೈಕಿಗೆ ಬಡಿದರೆ ಮಾತು ಕೇಳಲ್ಲ. ಬೆಳಿಗ್ಗೆ ಆರಕ್ಕೇ ರೆಕಾರ್ಡ್ ಮಾಡಿ. ಕರೆಂಟ್ ನಂಬಿ ಲೈವ್ ಬೇಡ. ಹತ್ತು ನಿಮಿಷ, ಒಂದೇ ವಿಷಯ. ಮನೆಗಳಲ್ಲಿ ಕರೆಯುವ ಆನೆ, ಒಂಟೆ, ಕುದುರೆ ಹೆಸರನ್ನೇ ಬಳಸಿ. ಟೂರ್ನಮೆಂಟಿಗೆ ಹೋಗುವ ಮಕ್ಕಳಿಗಾಗಿ ನಡೆ ಬರೆಯುವ ಇಂಗ್ಲಿಷ್ ಅಕ್ಷರ ಪರದೆಯ ಮೇಲೆ ಇರಲಿ.