ಆರು ಸ್ಪೀಕರುಗಳಿದ್ದರೂ ಎರಡರಲ್ಲಷ್ಟೇ ಸದ್ದು, ಜೊತೆಗೆ ತಡವರಿಸುವ ಚಿತ್ರ

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು 22.04 ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಸಿನಿಮಾ-ಹಾಡುಗಳನ್ನು ನುಡಿಸುವ ಕೋಡಿ ತಂತ್ರಾಂಶದೊಂದಿಗೆ ಹಜಾರದ ಟಿವಿಗೆ ಜೋಡಿಸಿದ್ದೇನೆ. ಪ್ರೊಸೆಸರ್ ಇಂಟೆಲ್‌ನ 4ನೇ ತಲೆಮಾರಿನದು. ಚಿತ್ರ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೂ, ಧ್ವನಿ ಆಪ್ಟಿಕಲ್ ಕೇಬಲಿನಲ್ಲಿ 5.1 ಆಂಪ್ಲಿಫೈಯರಿಗೂ ಹೋಗುತ್ತದೆ. ಹಾಡುಗಳು ಚೆನ್ನಾಗಿಯೇ ಕೇಳಿಸುತ್ತವೆ. ಸಿನಿಮಾ ಹಾಕಿದರೂ ಮುಂದಿನ ಎರಡು ಸ್ಪೀಕರುಗಳಲ್ಲಿ ಮಾತ್ರ ಸದ್ದು ಬರುತ್ತದೆ. ಕೋಡಿಯಲ್ಲಿ ಚಾನೆಲ್‌ಗಳ ಸಂಖ್ಯೆಯನ್ನು 5.1 ಎಂದೇ ಇಟ್ಟಿದ್ದೇನೆ. ಇದಲ್ಲದೆ ಬ್ಲೂರೇ ಡಿಸ್ಕುಗಳಿಂದ ಉಳಿಸಿಕೊಂಡ ಚಿತ್ರಗಳಲ್ಲಿ ಸುಮಾರು 40 ಸೆಕೆಂಡಿಗೊಮ್ಮೆ ದೃಶ್ಯ ಒಂದು ಕ್ಷಣ ತಡವರಿಸುತ್ತದೆ. ಧ್ವನಿ ಮಾತ್ರ ತುಂಡಾಗುವುದಿಲ್ಲ. ಸಿನಿಮಾಕ್ಕೆ ಅದೇ ಒಳ್ಳೆಯದೆಂದು ಕೇಳಿ ಟಿವಿಯ ರಿಫ್ರೆಶ್ ದರವನ್ನು, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದನ್ನು, 24ಕ್ಕೆ ಇಟ್ಟಿದ್ದೇನೆ. ಮೆಮೊರಿಯನ್ನು 4 ಜಿಬಿಯಿಂದ 8 ಜಿಬಿಗೆ ಏರಿಸಿದರೂ ಪ್ರಯೋಜನವಾಗಲಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ, ಎರಡೂ ಸೆಟ್ಟಿಂಗ್‌ಗಳಲ್ಲಿಯೇ ಸರಿಹೋಗುವಂಥವು.

ಮೊದಲು ಧ್ವನಿಯ ವಿಚಾರ. ಹಾಡುಗಳು ಕೇಳಿಸುತ್ತಿರುವುದರಿಂದ ಆಪ್ಟಿಕಲ್ ಕೇಬಲ್ ಸರಿಯಾಗಿದೆ, ಡಿಜಿಟಲ್ ಔಟ್‌ಪುಟ್ ಮ್ಯೂಟ್ ಆಗಿಲ್ಲ ಎಂದು ತಿಳಿಯಬಹುದು. ಆದರೆ ಈ ಬಗೆಯ ಸಂಪರ್ಕದಲ್ಲಿ ಸಂಕುಚನೆಯಿಂದ ಬಿಡಿಸಿದ ಧ್ವನಿ, ಅಂದರೆ ಪಿಸಿಎಂ, ಎರಡು ಚಾನೆಲ್‌ಗಳಷ್ಟು ಮಾತ್ರ ಹೋಗುತ್ತದೆ. ಸೆಕೆಂಡಿಗೆ 48,000 ಮಾದರಿಗಳು, ಮಾದರಿಗೆ 16 ಬಿಟ್‌ಗಳಂತೆ ಎರಡು ಚಾನೆಲ್‌ಗಳಿಗೆ 15,36,000 ಬಿಟ್‌ಗಳಾದರೆ, ಆರು ಚಾನೆಲ್‌ಗಳಿಗೆ 46,08,000 ಬೇಕು. ಅದೇ ಆರು ಚಾನೆಲ್‌ಗಳನ್ನು ಸಂಕುಚಿಸಿಟ್ಟ ಡಾಲ್ಬಿ ಡಿಜಿಟಲ್‌ಗೆ ಹೆಚ್ಚೆಂದರೆ 6,40,000 ಬಿಟ್‌ಗಳು ಸಾಕು. ಆದ್ದರಿಂದ ಕಂಪ್ಯೂಟರ್ ಧ್ವನಿಯನ್ನು ತಾನೇ ಬಿಡಿಸದೆ, ಇದ್ದ ಹಾಗೆಯೇ ಆಂಪ್ಲಿಫೈಯರಿಗೆ ದಾಟಿಸಬೇಕು. ಇದನ್ನೇ ಪಾಸ್‌ಥ್ರೂ ಎನ್ನುತ್ತಾರೆ.

ನೀವು 5.1 ಎಂದು ಆರಿಸಿದ್ದು ಸಹಜವೇ, ಏಕೆಂದರೆ ಮನೆಯಲ್ಲಿರುವುದು ಆರು ಸ್ಪೀಕರುಗಳು. ಆದರೆ ಆ ಸಂಖ್ಯೆ ಕೋಡಿ ಬಿಡಿಸಿ ಕಳುಹಿಸುವ ಧ್ವನಿಗೆ ಸಂಬಂಧಿಸಿದ್ದು. ಆಪ್ಟಿಕಲ್ ಸಂಪರ್ಕಕ್ಕೆ ಅದು 2.0 ಆಗಿರಬೇಕು. ಪವುಕಂಟ್ರೋಲ್ ಎಂಬ ಚಿಕ್ಕ ತಂತ್ರಾಂಶವನ್ನು ಹಾಕಿಕೊಂಡು, ಅದರ ಕಾನ್ಫಿಗರೇಶನ್ ಪುಟದಲ್ಲಿ ಐಇಸಿ958 (ಆಪ್ಟಿಕಲ್ ಔಟ್‌ಪುಟ್‌ಗೆ ಅಲ್ಲಿರುವ ಹೆಸರು) ಎಂದಿರುವ ಡಿಜಿಟಲ್ ಸ್ಟೀರಿಯೊ ಪ್ರೊಫೈಲನ್ನು ಆರಿಸಿ, ಔಟ್‌ಪುಟ್ ಡಿವೈಸಸ್ ಪುಟದ ಕೆಳಗೆ ಅಡ್ವಾನ್ಸ್ಡ್ ಎಂಬುದನ್ನು ತೆರೆದು ಎಸಿ3 (ಡಾಲ್ಬಿ ಡಿಜಿಟಲ್‌ನ ಇನ್ನೊಂದು ಹೆಸರು) ಮತ್ತು ಡಿಟಿಎಸ್ (ಅದರಂಥದೇ ಇನ್ನೊಂದು ಸಂಕುಚಿತ ಧ್ವನಿರೂಪ) ಎರಡಕ್ಕೂ ಗುರುತು ಹಾಕಿ. ಡಿಟಿಎಸ್‌ಗೆ ಗುರುತು ಹಾಕುವುದು ನಿಮ್ಮ ಆಂಪ್ಲಿಫೈಯರ್ ಅದನ್ನು ಬಿಡಿಸಬಲ್ಲದಾದರೆ ಮಾತ್ರ. ಈ ಗುರುತುಗಳು ಇಲ್ಲದಿದ್ದರೆ ಉಬುಂಟುವಿನಲ್ಲಿ ಧ್ವನಿಯನ್ನು ನಿರ್ವಹಿಸುವ ಪಲ್ಸ್‌ಆಡಿಯೊ ಆ ದಾರಿಯನ್ನು ಕೋಡಿಗೆ ತೋರಿಸುವುದೇ ಇಲ್ಲ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಬಳಿಕ ಕೋಡಿಯ ಆಡಿಯೊ ಸೆಟ್ಟಿಂಗ್‌ನಲ್ಲಿ, ಎಡಮೂಲೆಯ ಹಂತವನ್ನು ಎಕ್ಸ್‌ಪರ್ಟ್‌ಗೆ ತಿರುಗಿಸಿ, ಪಾಸ್‌ಥ್ರೂಗೆ ಅನುಮತಿ ಕೊಡಿ. ಆರು ಚಾನೆಲ್‌ಗಳ ಎಎಸಿ (ಮತ್ತೊಂದು ಸಂಕುಚಿತ ರೂಪ) ಧ್ವನಿಯಿರುವ ಫೈಲುಗಳಿಗಾಗಿ, ಅದನ್ನು ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕಳುಹಿಸುವ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಎಂಬುದನ್ನೂ ಆರಿಸಿಕೊಳ್ಳಿ. ಚಾನೆಲ್ ಸಂಖ್ಯೆ 2.0 ಆಗಿದ್ದರೆ ಮಾತ್ರ ಅದು ಲಭ್ಯವಾಗುತ್ತದೆ. ಇಷ್ಟಾದ ಮೇಲೆ ಸಿನಿಮಾ ಹಾಕಿ ಆಂಪ್ಲಿಫೈಯರಿನ ಮುಖವನ್ನು ನೋಡಿ: ಪಿಸಿಎಂ ಎಂಬ ದೀಪ ಆರಿ ಡಾಲ್ಬಿ ಡಿಜಿಟಲ್ ಎಂಬುದು ಹತ್ತಿಕೊಂಡರೆ ಕೆಲಸವಾಯಿತು.

ಇನ್ನು ಚಿತ್ರ. ಧ್ವನಿ ತುಂಡಾಗದೆ ದೃಶ್ಯ ಮಾತ್ರ ತಡವರಿಸುತ್ತದೆ ಎಂದು ಬರೆದಿರಲ್ಲ, ಅದೂ ಆ 40 ಸೆಕೆಂಡುಗಳ ಅಂತರವೂ ನಿಮ್ಮ ಪತ್ರದ ಬಲು ಉಪಯುಕ್ತ ಸುಳಿವುಗಳು. ಕಿವಿಗೆ ಸಣ್ಣ ಬಿರುಕೂ ತಕ್ಷಣ ಗೊತ್ತಾಗುವುದರಿಂದ ಕೋಡಿಯಂಥ ತಂತ್ರಾಂಶಗಳು ಸಾಮಾನ್ಯವಾಗಿ ಧ್ವನಿಯ ಗಡಿಯಾರವನ್ನೇ ಮುಂದಾಳಾಗಿಸಿ, ಚಿತ್ರವನ್ನು ಅದರ ಹಿಂದೆ ನಡೆಸುತ್ತವೆ. ಬ್ಲೂರೇಯಲ್ಲಿ ಹೆಚ್ಚಿನ ಸಿನಿಮಾಗಳಿರುವುದು ಸೆಕೆಂಡಿಗೆ 24 ಫ್ರೇಮ್‌ಗಳಲ್ಲಲ್ಲ, 23.976ರಲ್ಲಿ. 1953ರಲ್ಲಿ ಅಮೆರಿಕದ ಟಿವಿಗೆ ಬಣ್ಣ ಬಂದಾಗ 30 ಫ್ರೇಮ್‌ಗಳನ್ನು 29.97ಕ್ಕೆ ಇಳಿಸಿದರು, ಅದೇ ಅನುಪಾತದಲ್ಲಿ 24 ಕೂಡ 23.976 ಆಯಿತು, ಆ ಕೊರತೆ ಇಂದಿಗೂ ಉಳಿದುಬಂದಿದೆ. ನಿಮ್ಮ ಟಿವಿ ಸೆಕೆಂಡಿಗೆ 24 ಫ್ರೇಮ್‌ಗಳನ್ನು ಕೇಳುತ್ತದೆ, ಸಿನಿಮಾ 23.976 ಅನ್ನು ಕೊಡುತ್ತದೆ. ಪ್ರತಿ ಸೆಕೆಂಡಿಗೆ 0.024ರಷ್ಟು ಕಡಿಮೆ ಬೀಳುತ್ತಾ ಹೋಗಿ, 41.7 ಸೆಕೆಂಡಿಗೆ ಸರಿಯಾಗಿ ಒಂದು ಫ್ರೇಮ್ ಸಾಲದಾಗುತ್ತದೆ, ಆಗ ಹಿಂದಿನದನ್ನೇ ಮತ್ತೊಮ್ಮೆ ತೋರಿಸಬೇಕಾಗುತ್ತದೆ. ನೀವು ಎಣಿಸಿದ್ದು ಅದನ್ನೇ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಗಡಿಯಾರ ಹಿಡಿದು ನೋಡಿದರೆ ನಿಮಗೇ ಖಚಿತವಾಗುತ್ತದೆ. ಇದರಲ್ಲಿ ಮೆಮೊರಿಯ ಪಾತ್ರವಿಲ್ಲ.

ಪರಿಹಾರವೆಂದರೆ ದರವನ್ನು ಕೈಯಾರೆ ಒಂದೇ ಕಡೆ ಕಟ್ಟಿಹಾಕದಿರುವುದು. ಕೋಡಿಯ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ದರವನ್ನು ಹೊಂದಿಸುವ ಆಯ್ಕೆಯನ್ನು, ಸಿನಿಮಾ ಶುರುವಾದಾಗ ಮತ್ತು ನಿಂತಾಗ ಬದಲಾಗುವಂತೆ ಇಡಿ. ಆಗ ಬ್ಲೂರೇ ಚಿತ್ರಕ್ಕೆ 23.98, ಸೆಕೆಂಡಿಗೆ 25 ಫ್ರೇಮ್‌ಗಳ ಪಾಲ್ ಡಿವಿಡಿಗೆ 50 ತಾನಾಗಿ ಬರುತ್ತದೆ. ಉಬುಂಟುವಿನಲ್ಲಿ ಪರದೆಯನ್ನು ನಿರ್ವಹಿಸುವ ವೇಲ್ಯಾಂಡ್, ಕ್ಸಾರ್ಗ್ ಎಂಬ ಎರಡು ವ್ಯವಸ್ಥೆಗಳಿವೆ. ವೇಲ್ಯಾಂಡ್ ಸೆಷನ್‌ನಲ್ಲಿ ಈ ಬದಲಾವಣೆ ಆಗುವುದಿಲ್ಲವಾದ್ದರಿಂದ, ಲಾಗಿನ್ ಪರದೆಯ ಹಲ್ಲುಗಾಲಿಯ ಚಿಹ್ನೆಯನ್ನು ಒತ್ತಿ ಕ್ಸಾರ್ಗ್ ಸೆಷನ್ ಆರಿಸಿಕೊಳ್ಳಿ. ಕೋಡಿಯ ಅದೇ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಪಕ್ಕದಲ್ಲಿ ಪ್ಲೇಬ್ಯಾಕನ್ನು ಡಿಸ್‌ಪ್ಲೇಗೆ ಹೊಂದಿಸುವ ಇನ್ನೊಂದು ಆಯ್ಕೆ ಕಾಣುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ತಡವರಿಕೆಯನ್ನು ನಿಲ್ಲಿಸುತ್ತದೆ, ನಿಜ; ಆದರೆ ಅದಕ್ಕಾಗಿ ಧ್ವನಿಯ ವೇಗವನ್ನು ತಿದ್ದಬೇಕಾಗುವುದರಿಂದ ಪಾಸ್‌ಥ್ರೂ ನಿಂತುಹೋಗಿ, ನೀವು ಮತ್ತೆ ಎರಡು ಸ್ಪೀಕರುಗಳಿಗೇ ಮರಳುತ್ತೀರಿ.

ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ಏಳುವುದು ಒಂದೇ ಸಂದರ್ಭದಲ್ಲಿ. ಸಿನಿಮಾ ಓಡುತ್ತಿರುವಾಗ ಕೀಬೋರ್ಡಿನ ಓ ಕೀಲಿಯನ್ನು ಒತ್ತಿದರೆ, ಚಿತ್ರವನ್ನು ಬಿಡಿಸುತ್ತಿರುವುದು ಹಾರ್ಡ್‌ವೇರೋ ಸಾಫ್ಟ್‌ವೇರೋ ಎಂದು ಕೋಡಿ ತೋರಿಸುತ್ತದೆ. ಸಾಮಾನ್ಯ ಬ್ಲೂರೇಯ ಎಚ್.264 ಎಂಬ ಸಂಕುಚಿತ ರೂಪದ ಚಿತ್ರಗಳನ್ನು ನಿಮ್ಮ ಪ್ರೊಸೆಸರ್ ಹಾರ್ಡ್‌ವೇರಿನಲ್ಲಿಯೇ ನಿಭಾಯಿಸುತ್ತದೆ. ಅದಕ್ಕಿಂತ ಹೊಸದಾದ ಎಚ್‌ಇವಿಸಿ ರೂಪದ 10 ಬಿಟ್‌ನ ಫೈಲುಗಳಿಗೆ ಮಾತ್ರ 4ನೇ ತಲೆಮಾರಿನಲ್ಲಿ ಆ ಅನುಕೂಲವಿಲ್ಲ. ಇಂಟೆಲ್‌ನಲ್ಲಿ ಅದು 7ನೇ ತಲೆಮಾರಿನಿಂದ ಪೂರ್ಣವಾಗಿ ಸಿಗುತ್ತದೆ. ಅಂಥ 4ಕೆ ಫೈಲುಗಳನ್ನು ನೀವು ನೋಡುವುದಾದರೆ, ಆಗ ಕಾರ್ಡಿನ ಬಗ್ಗೆ ಯೋಚಿಸಬಹುದು.