ಜೌಗು ನೆಲದಲ್ಲಿ ಕಾಣೋ ಬೆರಳುಗುರಿನಷ್ಟು ಪುಟ್ಟ ಕೆಂಪು ಏರೋಪ್ಲೇನ್ ಚಿಟ್ಟೆ, ಅದು ಮರೀನಾ?

ಅಲ್ಲ, ಮರಿ ಅಲ್ಲ. ರೆಕ್ಕೆ ಬಂದ ಮೇಲೆ ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಬೆಳೆಯೋದೇ ಇಲ್ಲ. ಮರಿ ಇರೋದು ನೀರೊಳಗೆ, ರೆಕ್ಕೆ ಇಲ್ಲದೆ.

ನೀವು ಹೇಳಿದ ಗಾತ್ರ, ಬಣ್ಣ ನೋಡಿದರೆ ಅದು ನ್ಯಾನೊಫಿಯಾ ಪಿಗ್ಮಿಯಾ ಇರಬಹುದು. ಆಗ್ನೇಯ ಏಷ್ಯಾದಿಂದ ಚೀನಾ, ಜಪಾನ್‌ವರೆಗೆ ಸಿಗುತ್ತದೆ. ಜಗತ್ತಿನ ಅತಿ ಚಿಕ್ಕ ಡ್ರ್ಯಾಗನ್‌ಫ್ಲೈಗಳಲ್ಲಿ ಇದೂ ಒಂದು, ಮೈ ಉದ್ದ 2 ಸೆಂ.ಮೀ. ಕೂಡ ದಾಟುವುದಿಲ್ಲ.

ಕಡುಗೆಂಪು ಬಣ್ಣ ಬಲಿತ ಗಂಡಿಗೆ ಮಾತ್ರ. ಹೆಣ್ಣಿನ ಬಾಲದ ಮೇಲೆ ಕಂದು, ಬಿಳಿ, ಕಪ್ಪು ಪಟ್ಟೆ ಇರುತ್ತವೆ, ಹಾಗಾಗಿ ಪಕ್ಕದಲ್ಲೇ ಕೂತಿದ್ದರೂ ಯಾವುದೋ ನೊಣ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ (ನಾನೂ ಫೋಟೊ ಹಿಗ್ಗಿಸಿ ನೋಡಿದ ಮೇಲೇ ಗುರುತಿಸಿದ್ದು).

ಇದಕ್ಕೆ ಕೆರೆ, ಹೊಳೆ ಬೇಡ. ಕೆಲವೇ ಸೆಂ.ಮೀ. ಆಳದ ತಿಳಿನೀರು, ಗಿಡ್ಡ ಹುಲ್ಲು, ಚೆನ್ನಾಗಿ ಬಿಸಿಲು ಸಾಕು. ಗಂಡು ಒಂದು ಹುಲ್ಲಿನ ತುದಿ ಹಿಡಿದು ಕೂರುತ್ತದೆ, ಇನ್ನೊಂದು ಗಂಡು ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗಿ ಮತ್ತೆ ಅಲ್ಲೇ ಬಂದು ಕೂರುತ್ತದೆ. ಬಿಸಿಲು ಜಾಸ್ತಿಯಾದಾಗ ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ಲುತ್ತದೆ, ಶೀರ್ಷಾಸನ ಹಾಕಿದ ಹಾಗೆ. ಹೀಗೆ ಮಾಡಿದರೆ ಮೈಮೇಲೆ ಬೀಳೋ ಬಿಸಿಲು ಕಡಿಮೆ ಅಲ್ವಾ, ಅದಕ್ಕೇ.

ತೊಂದರೆ ಏನಂದರೆ, ಇಂಥ ಜಾಗ ಬಹಳ ಬೇಗ ಹಾಳಾಗುತ್ತದೆ. ಒಂದು ಕಾಲುವೆ ತೋಡಿದರೆ ನೀರು ಬಸಿದು ಹೋಗುತ್ತದೆ. ಯಾರೂ ಏನೂ ಮಾಡದಿದ್ದರೂ ಪೊದೆ ಬೆಳೆದು ನೆರಳಾದರೆ ಅಲ್ಲಿ ಇದು ಉಳಿಯುವುದಿಲ್ಲ. ನೋಡಲು ಹೋದರೆ ಅಂಚಿನಲ್ಲೇ ನಿಂತು ನೋಡಿ, ನೀರಿಗೆ ಕಾಲಿಟ್ಟರೆ ಮರಿಗಳನ್ನೇ ತುಳಿದಂತೆ.